ಜಿಗಿಯುವ ಮೊದಲು ಇಳಿಯುವುದನ್ನು ಕಲಿಸುತ್ತೇನೆ

ಮೈಸೂರಿನಲ್ಲಿ ಬಾಸ್ಕೆಟ್‌ಬಾಲ್ ಆಡುವ ಹೈಸ್ಕೂಲು, ಕಾಲೇಜು ಮಕ್ಕಳಿಗೆ ಸ್ಟ್ರೆಂತ್ ಟ್ರೈನಿಂಗ್ ಹೇಳಿಕೊಡುವುದು ನನ್ನ ಕೆಲಸ. ಬಹಳಷ್ಟು ಮಕ್ಕಳು ಮೊದಲ ಸಲ ನನ್ನ ಹತ್ತಿರ ಬರುವುದೇ ಕಾಲು ಉಳುಕಿಸಿಕೊಂಡು. ನಮ್ಮಲ್ಲಿ ಹೆಚ್ಚಿನ ಕೋರ್ಟುಗಳು ಸಿಮೆಂಟಿನವು, ಆಟ ಮಾತ್ರ ಟಿವಿಯಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ನೋಡಿ ಕಲಿತದ್ದು. ಯಾರ ಹಾಗೆ ಆಡಬೇಕು ಅಂತ ಕೇಳಿದರೆ ಹತ್ತರಲ್ಲಿ ಏಳು ಜನ ಸ್ಟೀಫನ್ ಕರ್ರಿ ಹೆಸರು ಹೇಳುತ್ತಾರೆ. ಹಾಗಾದರೆ ಅವರ ಕಾಲಿನ ಕತೆ ಕೇಳಿ ಅನ್ನುತ್ತೇನೆ.

ಕರ್ರಿ 2009ರ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಬಿಎ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಸುತ್ತಿನಲ್ಲಿ, ಏಳನೆಯವರಾಗಿ ಆಯ್ಕೆಯಾದವರು. ಬಲಗಾಲಿನ ಆಂಕಲ್, ಅಂದರೆ ಪಾದದ ಕೀಲು, ಪದೇಪದೇ ಉಳುಕಿ 2011ರಲ್ಲಿ ಒಂದು ಆಪರೇಷನ್ ಆಯಿತು, 2012ರಲ್ಲಿ ಇನ್ನೊಂದು. 2011–12ರ ಸೀಸನ್‌ನಲ್ಲಿ ಅವರು ಆಡಿದ್ದು 26 ಪಂದ್ಯ ಮಾತ್ರ. 2012ರ ಅಕ್ಟೋಬರ್‌ನಲ್ಲಿ ಅವರು ತಮ್ಮ ತಂಡ ವಾರಿಯರ್ಸ್ ಜೊತೆ ನಾಲ್ಕು ವರ್ಷಕ್ಕೆ 44 ಮಿಲಿಯನ್ ಡಾಲರಿಗೆ ಸಹಿ ಹಾಕಿದರು. ಅವರ ಮಟ್ಟಕ್ಕೆ ಅದು ಕಡಿಮೆ ಮೊತ್ತ, ಆದರೆ ಆ ಕಾಲನ್ನು ನಂಬಿ ಹೆಚ್ಚು ಕೊಡಲು ಆಗ ಯಾರಿಗೂ ಧೈರ್ಯವಿರಲಿಲ್ಲ.

2013ರಲ್ಲಿ ವಾರಿಯರ್ಸ್ ತಂಡಕ್ಕೆ ಬಂದ ಟ್ರೈನರ್ ಕೀಕೆ ಲೈಲ್ಸ್, ನೋಯುವ ಜಾಗವನ್ನಷ್ಟೇ ನೋಡಲಿಲ್ಲ. ಓಡುವಾಗ ದಿಕ್ಕು ಬದಲಿಸುವ ಭಾರವನ್ನೆಲ್ಲ ಕರ್ರಿ ಆಂಕಲ್ ಮೇಲೆ ಹಾಕುತ್ತಿದ್ದರು. ಆ ಕೆಲಸವನ್ನು ಸೊಂಟದ ಕೀಲು ಮತ್ತು ಅದರ ಸುತ್ತಲಿನ ದೊಡ್ಡ ಸ್ನಾಯುಗಳಿಗೆ ವಹಿಸಬೇಕು ಅನ್ನುವುದು ಲೈಲ್ಸ್ ಲೆಕ್ಕ. ಒಂಟಿ ಕಾಲಿನ ವ್ಯಾಯಾಮ, ಯೋಗ, ಟ್ರ್ಯಾಪ್ ಬಾರ್ ಡೆಡ್‌ಲಿಫ್ಟ್ (ಚೌಕಟ್ಟಿನಂಥ ಬಾರಿನ ಒಳಗೆ ನಿಂತು ನೆಲದಿಂದ ಭಾರ ಎತ್ತುವುದು) ಶುರುವಾದವು. ಆ ತೆಳ್ಳನೆಯ ಮನುಷ್ಯ ಕೊನೆಗೆ 400 ಪೌಂಡ್, ಅಂದರೆ ಸುಮಾರು 180 ಕೆಜಿ ಎತ್ತುವ ಮಟ್ಟಕ್ಕೆ ಬಂದರು. ಅದು ಅವರ ಮೈತೂಕದ ಎರಡು ಪಟ್ಟು. ಮುಂದಿನ ಮೂರು ಸೀಸನ್‌ಗಳಲ್ಲಿ ಅವರು ತಪ್ಪಿಸಿಕೊಂಡದ್ದು ಒಂಬತ್ತೇ ಪಂದ್ಯ. 2015 ಮತ್ತು 2016ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಎಂವಿಪಿ ಪ್ರಶಸ್ತಿ ಬಂತು. ಆಂಕಲ್‌ಗೆ ಆಧಾರ ಕೊಡುವ ಬ್ರೇಸ್ ಹಾಕುವುದನ್ನು ಅವರು ಬಿಡಲಿಲ್ಲ ಅನ್ನುವುದನ್ನೂ ಮಕ್ಕಳಿಗೆ ಸೇರಿಸಿಯೇ ಹೇಳುತ್ತೇನೆ.

ಇದನ್ನು ಓದಿಕೊಂಡ ಮೇಲೆ ನನಗೂ ಒಂದು ಟ್ರ್ಯಾಪ್ ಬಾರ್ ಬೇಕಾಯಿತು. ಅಂಗಡಿಯ ಬೆಲೆ ಕೈಗೆಟುಕಲಿಲ್ಲ. ಮೇಟಗಳ್ಳಿ ಕಡೆಯ ಒಬ್ಬ ವೆಲ್ಡರ್ ಹತ್ತಿರ ಫೋಟೋ ತೋರಿಸಿ, ಅಳತೆ ಕೊಟ್ಟು ಮಾಡಿಸಿಕೊಂಡೆ. ಬಾಸ್ಕೆಟ್‌ಬಾಲಿನವರಿಗೆ ಇದು ಯಾಕೆ ಒಳ್ಳೆಯದು ಅಂದರೆ, ಅವರ ಕಾಲು ಉದ್ದ. ನೇರ ಬಾರನ್ನು ನೆಲದಿಂದ ಎತ್ತಬೇಕಾದರೆ ತೀರಾ ಬಗ್ಗಬೇಕು, ಭಾರ ಮೈಯ ಮುಂದಿರುತ್ತದೆ, ಸೊಂಟದ ಹತ್ತಿರ ಬೆನ್ನಿಗೆ ಪೆಟ್ಟು. ಟ್ರ್ಯಾಪ್ ಬಾರಿನಲ್ಲಿ ನಾವು ಚೌಕಟ್ಟಿನ ಒಳಗೆ ನಿಲ್ಲುತ್ತೇವೆ, ಭಾರ ಎರಡೂ ಪಕ್ಕದಲ್ಲಿರುತ್ತದೆ, ಬೆನ್ನು ಹೆಚ್ಚು ನೇರವಾಗಿ ನಿಲ್ಲುತ್ತದೆ. ಮೊದಲ ಕೆಲವು ವಾರ ಬರೀ ಬಾರ್. ಆಮೇಲೆ ಐದೈದರ ಸೆಟ್. ಎತ್ತುವ ವೇಗ ಕುಂಠಿತವಾದ ಕೂಡಲೇ ಅವತ್ತಿಗೆ ಸಾಕು ಅನ್ನುತ್ತೇನೆ.

ಆದರೆ ನನ್ನ ತರಬೇತಿಯ ಜೀವಾಳ ಇರುವುದು ಒಂದು ಅಡಿ ಎತ್ತರದ ಮರದ ಪೆಟ್ಟಿಗೆಯಲ್ಲಿ. ಅದರ ಮೇಲಿಂದ ಜಿಗಿಯಬಾರದು. ಒಂದು ಕಾಲನ್ನು ಮುಂದಿಟ್ಟು ಸುಮ್ಮನೆ ಇಳಿಯಬೇಕು, ಎರಡೂ ಪಾದ ಒಟ್ಟಿಗೆ ನೆಲ ಮುಟ್ಟಬೇಕು, ನಾನು ಎರಡು ಎಣಿಸುವವರೆಗೆ ಅಲುಗಾಡದೆ ನಿಲ್ಲಬೇಕು. ನಾನು ಎದುರಿಗೆ ಕೆಳಗೆ ಕೂತು ಮಂಡಿಯನ್ನೇ ನೋಡುತ್ತಿರುತ್ತೇನೆ. ಮಂಡಿಚಿಪ್ಪು ಹೆಬ್ಬೆರಳಿನ ಪಕ್ಕದ ಬೆರಳಿನ ನೇರಕ್ಕೆ ಇದೆಯೇ, ಒಳಗೆ ವಾಲುತ್ತಿದೆಯೇ? ಸೊಂಟ ಹಿಂದಕ್ಕೆ ಹೋಗುತ್ತಿದೆಯೇ? ಕಿವಿಯೂ ಕೆಲಸ ಮಾಡಬೇಕು. ‘ಧಪ್’ ಅಂತ ಸದ್ದು ಬಂದರೆ ಆ ಹೊಡೆತವನ್ನು ಸ್ನಾಯು ಹೀರಿಕೊಂಡಿಲ್ಲ, ಕೀಲು ತಿಂದಿದೆ ಅಂತ ಅರ್ಥ. ಹೊಸಬರಲ್ಲಿ, ಮುಖ್ಯವಾಗಿ ಹುಡುಗಿಯರಲ್ಲಿ, ಬಲ ಮಂಡಿಯೋ ಎಡ ಮಂಡಿಯೋ ಒಳಕ್ಕೆ ಕುಸಿಯುವುದು ಬರಿಗಣ್ಣಿಗೇ ಕಾಣುತ್ತದೆ. ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಅನ್ನುವ ನಾರುಪಟ್ಟಿ ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಎರಡು ಪಟ್ಟಿಗೂ ಹೆಚ್ಚು. ಅದಕ್ಕೇ ಹುಡುಗಿಯರ ತಂಡಕ್ಕೆ ಈ ಪೆಟ್ಟಿಗೆಯ ಪಾಠ ಬಿಡುವಿಲ್ಲದೆ ನಡೆಯುತ್ತದೆ. ಮಂಡಿಯ ಮೇಲ್ಭಾಗಕ್ಕೆ ರಬ್ಬರ್ ಬ್ಯಾಂಡ್ ಹಾಕಿ ನಿಧಾನವಾಗಿ ಬಸ್ಕಿ, ಅದು ಹಿಡಿತಕ್ಕೆ ಬಂದ ಮೇಲೆ ಒಂಟಿ ಕಾಲಿನ ಇಳಿತ, ಆಮೇಲೆ ಪಕ್ಕಕ್ಕೆ ಜಿಗಿತ. ಎತ್ತರಕ್ಕೆ ಜಿಗಿಯುವ ಡ್ರಿಲ್‌ಗಳ ಸರದಿ ಬರುವುದು ಎಲ್ಲ ಮುಗಿದ ಮೇಲೆ.

“ವೆಯ್ಟ್ ಎತ್ತಿದ್ರೆ ಮಕ್ಕಳು ಕುಳ್ಳಾಗಿಬಿಡ್ತಾರಂತಲ್ಲ ಸಾರ್?” ಅಂತ ಅಪ್ಪ ಅಮ್ಮ ಕೇಳುವುದು ಮಾಮೂಲು. ಇಲ್ಲಮ್ಮ, ಸರಿಯಾಗಿ ಹೇಳಿಕೊಟ್ಟರೆ ಹಾಗೇನೂ ಆಗಲ್ಲ ಅನ್ನುತ್ತೇನೆ. ರೀಬೌಂಡ್, ಅಂದರೆ ರಿಂಗ್‌ಗೆ ತಗುಲಿ ವಾಪಸು ಬಂದ ಚೆಂಡು, ಹಿಡಿದು ಒಂದೇ ಕಾಲಿನ ಮೇಲೆ ಇಳಿಯುವಾಗ ಮೈತೂಕದ ಹಲವು ಪಟ್ಟು ಹೊಡೆತ ಆ ಕಾಲಿಗೆ ಬೀಳುತ್ತದೆ. ಅದರ ಮುಂದೆ ನಾನು ಎತ್ತಿಸುವ ಭಾರ ಏನೂ ಅಲ್ಲ.

ಕೆಲವು ಹಿರಿಯ ಕೋಚುಗಳದು ಬೇರೆ ಆತಂಕ: ಮೈ ಬಿಗಿಯಾದರೆ ಶೂಟಿಂಗ್ ಕೆಡುತ್ತದೆ ಅಂತ. ಅವರಿಗೆ ಮೈಕೆಲ್ ಜೋರ್ಡನ್ ಕತೆ ಹೇಳುತ್ತೇನೆ. 1988, 89, 90, ಸತತ ಮೂರು ವರ್ಷ ಡೆಟ್ರಾಯಿಟ್ ಪಿಸ್ಟನ್ಸ್ ತಂಡ ಅವರ ಬುಲ್ಸ್ ತಂಡವನ್ನು ಮೈಗೆ ಮೈ ಗುದ್ದಿ ಸೋಲಿಸಿತು. 1989ರಲ್ಲಿ ಅವರು ಟಿಮ್ ಗ್ರೋವರ್ ಅನ್ನುವ, ಆಗ ಯಾರಿಗೂ ಗೊತ್ತಿರದ ಯುವ ಟ್ರೈನರ್ ಕೈಗೆ ತಮ್ಮ ಮೈ ಒಪ್ಪಿಸಿದರು. ಗ್ರೋವರ್ ಒಮ್ಮೆಗೇ ತೂಕ ಏರಿಸಲಿಲ್ಲ. ಐದೈದು ಪೌಂಡ್ ಏರಿಸುತ್ತ, ಮೈಯೂ ಶಾಟೂ ಅದಕ್ಕೆ ಒಗ್ಗುವವರೆಗೆ ಕಾದು, 215 ಪೌಂಡಿನ ಹತ್ತಿರಕ್ಕೆ ತಂದರು. 1991ರಲ್ಲಿ ಅದೇ ಪಿಸ್ಟನ್ಸ್ ತಂಡವನ್ನು 4–0ಯಿಂದ ಮಣಿಸಿದ ಬುಲ್ಸ್, ಆಮೇಲೆ ಫೈನಲನ್ನೂ ಗೆದ್ದು ಚಾಂಪಿಯನ್ ಆಯಿತು. ಹಾಗಾಗಿ ನಾನು ಭಾರ ಎತ್ತಿಸಿದ ದಿನವೂ ಮಕ್ಕಳು ಕೊನೆಗೆ ಶೂಟಿಂಗ್ ಮಾಡಿಯೇ ಮನೆಗೆ ಹೋಗುತ್ತಾರೆ.

ಬೆಂಚ್ ಪ್ರೆಸ್ (ಮಲಗಿ ಎದೆಯ ಮೇಲಿಂದ ಭಾರ ಎತ್ತುವುದು) ಲೆಕ್ಕವನ್ನು ಮಾತ್ರ ನಾನು ಬರೆದಿಡುವುದಿಲ್ಲ. 2007ರ ಡ್ರಾಫ್ಟ್‌ಗೆ ಮೊದಲಿನ ಪರೀಕ್ಷೆಯಲ್ಲಿ ಮುಂದೆ ಎಂವಿಪಿ ಆದ ಕೆವಿನ್ ಡ್ಯುರಾಂಟ್‌ಗೆ 185 ಪೌಂಡನ್ನು ಒಂದು ಸಲವೂ ಎತ್ತಲಾಗಲಿಲ್ಲ. ಅವರಿಗಿಂತ ಮೊದಲು ಆಯ್ಕೆಯಾದ ದೈತ್ಯ ದೇಹದ ಗ್ರೆಗ್ ಓಡೆನ್ ಮಂಡಿಗಳು ಕೈಕೊಟ್ಟು ಎನ್‌ಬಿಎನಲ್ಲಿ ಒಟ್ಟು ಆಡಿದ್ದು 105 ಪಂದ್ಯ.

ಇನ್ನು ಕೋಬಿ ಬ್ರ್ಯಾಂಟ್. ಅವರ ಶಿಸ್ತಿನ ಬಗ್ಗೆ ನನಗೆ ಅಪಾರ ಗೌರವ. ಆದರೆ 2013ರ ಏಪ್ರಿಲ್ 10ರಂದು ಪೋರ್ಟ್‌ಲ್ಯಾಂಡ್ ವಿರುದ್ಧ ಒಂದು ನಿಮಿಷವೂ ಕೂರದೆ 48 ನಿಮಿಷ ಆಡಿ 47 ಅಂಕ ಗಳಿಸಿದಾಗ ಅವರಿಗೆ 34 ವರ್ಷ. ಎರಡೇ ದಿನದ ಮೇಲೆ ಹಿಮ್ಮಡಿಯ ಅಕಿಲಿಸ್ ಅನ್ನುವ ಸ್ನಾಯುರಜ್ಜು ಹರಿಯಿತು. ಆ ಕಾಲಲ್ಲೇ ನಿಂತು ಎರಡು ಫ್ರೀ ಥ್ರೋ ಹಾಕಿದ್ದನ್ನು ಎಲ್ಲರೂ ಕೊಂಡಾಡುತ್ತಾರೆ. ನಾನು ಮಕ್ಕಳ ಕೋಚುಗಳಿಗೆ ತೋರಿಸುವುದು ಅದಕ್ಕೆ ಹಿಂದಿನ ವಾರಗಳನ್ನು. ನಮ್ಮಲ್ಲೂ ದಸರಾ ಕ್ರೀಡಾಕೂಟದ ಹೊತ್ತಿಗೆ ಒಳ್ಳೆಯ ಆಟಗಾರ್ತಿ ಕಾಲೇಜಿಗೂ ಕ್ಲಬ್ಬಿಗೂ ಜಿಲ್ಲೆಗೂ ಒಂದೇ ವಾರದಲ್ಲಿ ಆಡುತ್ತಾಳೆ. ಒಟ್ಟು ಎಷ್ಟು ನಿಮಿಷ ಆಡಿದಳು ಅಂತ ಮೂವರು ಕೋಚುಗಳಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. ಅದಕ್ಕೆ ನಾನು ಪ್ರತಿಯೊಬ್ಬರ ಕೈಗೂ ಒಂದು ನೋಟ್‌ಬುಕ್ ಕೊಟ್ಟಿದ್ದೇನೆ. ಆಡಿದ ನಿಮಿಷ, ಹತ್ತರಲ್ಲಿ ಎಷ್ಟು ಸುಸ್ತು, ಎಷ್ಟು ಗಂಟೆ ನಿದ್ದೆ. ವಾರದ ಮೊತ್ತ ದಿಢೀರನೆ ಏರಿದರೆ ಕೋಚಿಗೆ ನಾನೇ ಫೋನ್ ಮಾಡುತ್ತೇನೆ.

ಗಾಯವಾದ ಮೇಲೆ ಮರಳುವ ಮಾತು ಬಂದಾಗ ನಾನು ಡೆರಿಕ್ ರೋಸ್ ಪರ. 22ನೇ ವಯಸ್ಸಿಗೇ ಎಂವಿಪಿ ಆದವರು. 2012ರ ಏಪ್ರಿಲ್ 28ರಂದು, ಗೆಲುವು ಹತ್ತಿರವಿದ್ದಾಗ, ನುಗ್ಗಿ ಬಂದು ಎರಡೂ ಕಾಲೂರಿ ಜಿಗಿಯುವಾಗ ಎಡ ಮಂಡಿಯ ಎಸಿಎಲ್ ಹರಿಯಿತು. ಮರುವರ್ಷ ಡಾಕ್ಟರು ಆಡಬಹುದು ಅಂದ ಮೇಲೂ ಅವರು ಇಳಿಯಲಿಲ್ಲ, ಜನ ಬಾಯಿಗೆ ಬಂದಂತೆ ಆಡಿಕೊಂಡರು. ಕೊನೆಗೆ ಇಳಿದ ಮೇಲೆ, 2013ರ ನವೆಂಬರ್‌ನಲ್ಲಿ, ಬಲ ಮಂಡಿಯೊಳಗಿನ ಮೆತ್ತೆಯಂಥ ಮೆನಿಸ್ಕಸ್ ಹರಿಯಿತು. 2018ರಲ್ಲಿ ಮಿನೆಸೋಟ ತಂಡಕ್ಕೆ 50 ಅಂಕ ಗಳಿಸಿ ಅವರು ಅತ್ತದ್ದನ್ನು ನೋಡಿದರೆ ಆ ಆರು ವರ್ಷ ಏನು ಅಂತ ಅರ್ಥವಾಗುತ್ತದೆ.

ಎಸಿಎಲ್ ಆಪರೇಷನ್ ಆದ ಒಬ್ಬ ಹುಡುಗಿ ಈಗ ನನ್ನ ಹತ್ತಿರ ಬರುತ್ತಿದ್ದಾಳೆ. ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ಅವಳು ಬೇಕೇ ಬೇಕು ಅಂತ ಎಲ್ಲರ ಒತ್ತಾಯ. ಒಂಬತ್ತು ತಿಂಗಳಿಗೆ ಮೊದಲು ಮರಳಿದವರಲ್ಲಿ ಮತ್ತೆ ಗಾಯವಾಗುವ ಸಾಧ್ಯತೆ ಬಹಳ ಹೆಚ್ಚು, ಹಾಗಾಗಿ ಅಲ್ಲಿಯವರೆಗೆ ಆ ಮಾತನ್ನೇ ಎತ್ತಬೇಡಿ ಅಂದಿದ್ದೇನೆ. ಆಮೇಲೂ ಪರೀಕ್ಷೆ ಇದೆ. ಒಂಟಿ ಕಾಲಿನ ಜಿಗಿತದಲ್ಲಿ ಆಪರೇಷನ್ ಆದ ಕಾಲು ಇನ್ನೊಂದರ ಶೇ. 90ನ್ನಾದರೂ ಮುಟ್ಟಬೇಕು, ಇಳಿದಾಗ ಮಂಡಿ ಒಳಗೆ ವಾಲಬಾರದು. ಅದೂ ಆದ ಮೇಲೆ, ಎದುರಿಗೆ ಡಿಫೆಂಡರ್ ನಿಲ್ಲಿಸಿ ಅದೇ ಕಾಲಿನ ಮೇಲೆ ಗಕ್ಕನೆ ನಿಲ್ಲು ಅನ್ನುತ್ತೇನೆ. ಹೋದ ವಾರದವರೆಗೂ ಅವಳು ಆ ಹೆಜ್ಜೆಯನ್ನು ಗೊತ್ತಿಲ್ಲದೇ ಇನ್ನೊಂದು ಕಾಲಿಗೆ ದಾಟಿಸುತ್ತಿದ್ದಳು. ದಾಟಿಸುವುದು ನಿಂತ ಮೇಲೆ ಹತ್ತು ನಿಮಿಷದ ಆಟ, ಅದಾಗಿ ಎರಡು ದಿನ ಮಂಡಿ ಊದದಿದ್ದರೆ ಹದಿನೈದು. ಟೂರ್ನಿ ಇರಲಿ ಇಲ್ಲದಿರಲಿ, ವಾರಕ್ಕೆರಡು ದಿನ ಪೆಟ್ಟಿಗೆ ಮತ್ತು ಟ್ರ್ಯಾಪ್ ಬಾರ್ ತಪ್ಪುವಂತಿಲ್ಲ.