ನೇಪಾಳಕ್ಕೆ ಹೊರಟಿದ್ದೀರಾ? ಆಧಾರ್ ಒಂದನ್ನೇ ನಂಬಬೇಡಿ

ಎರಡು ವರ್ಷದ ಹಿಂದೆ ನಮ್ಮಮ್ಮ ಮತ್ತು ಚಿಕ್ಕಮ್ಮ ಯಾತ್ರೆಯ ಗುಂಪಿನ ಜೊತೆ ಪಶುಪತಿನಾಥ, ಮುಕ್ತಿನಾಥ ನೋಡಲು ಹೊರಟಿದ್ದರು. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಚಿಕ್ಕಮ್ಮ ವೋಟರ್ ಐಡಿ ಕೊಟ್ಟು ಬೋರ್ಡಿಂಗ್ ಪಾಸ್ ತಗೊಂಡರು. ಅಮ್ಮ ಆಧಾರ್ ಕೊಟ್ಟರು. ಆಗ ಅವರಿಗೆ 62 ವರ್ಷ. ಕೌಂಟರಿನ ಹುಡುಗಿ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, "ಆಂಟಿ, ಇದು ನಡೆಯಲ್ಲ, ವೋಟರ್ ಐಡಿ ಇದೆಯಾ?" ಎಂದಳು. ಇತ್ತು, ಆದರೆ ಮನೆಯ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ. ಗುಂಪು ಹೋಯಿತು. ಅಮ್ಮ ಬ್ಯಾಗ್ ಹಿಡಿದುಕೊಂಡು ವಾಪಸ್ ಬಂದರು. ಅವತ್ತಿನ ಅವರ ಮುಖ ನೆನೆದರೆ ಈಗಲೂ ಸಂಕಟವಾಗುತ್ತದೆ.

ಬ್ಯಾಂಕಿಗೆ, ಸಿಮ್ಮಿಗೆ, ರೇಷನ್ನಿಗೆ ಎಲ್ಲದಕ್ಕೂ ಆಧಾರ್ ನಡೆಯುವಾಗ ನೇಪಾಳಕ್ಕೆ ಯಾಕೆ ನಡೆಯಲ್ಲ? ಆಧಾರ್ ಕೊಡುವುದು ಇಲ್ಲಿ ವಾಸ ಇರುವವರಿಗೆ. 182 ದಿನ ಇಲ್ಲಿದ್ದ ವಿದೇಶಿಯರಿಗೂ ಅದು ಸಿಗುತ್ತದೆ. ಅಂದರೆ ನೀವು ಭಾರತದ ಪ್ರಜೆ ಎಂದು ಅದು ಹೇಳುವುದಿಲ್ಲ. ವೋಟರ್ ಐಡಿ ಸಿಗುವುದು ಪ್ರಜೆಗಳಿಗೆ ಮಾತ್ರ. 1950ರ ಭಾರತ-ನೇಪಾಳ ಒಪ್ಪಂದದ ಕಾಲದಿಂದಲೂ ನಮಗೆ ನೇಪಾಳಕ್ಕೆ ವೀಸಾ ಬೇಡ. ಆದರೆ ವೀಸಾ ಬೇಡ ಎಂದರೆ ದಾಖಲೆಯೇ ಬೇಡ ಎಂದಲ್ಲ.

ಹಾಗಾಗಿ ಟಿಕೆಟ್ ಮಾಡಿಸುವುದಕ್ಕಿಂತ ಮುಂಚೆ, ಮನೆಯವರನ್ನೆಲ್ಲ ಕೂರಿಸಿಕೊಂಡು ಒಬ್ಬೊಬ್ಬರ ವಯಸ್ಸು ಬರೆದುಕೊಳ್ಳಿ. ವಿಮಾನದಲ್ಲಿ ಹೋಗುವ ದೊಡ್ಡವರಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ವೋಟರ್ ಐಡಿ, ಎರಡರಲ್ಲಿ ಒಂದು ಬೇಕೇ ಬೇಕು. 15 ವರ್ಷದ ಒಳಗಿನ ಮಕ್ಕಳಿಗೆ ಮತ್ತು 65 ದಾಟಿದವರಿಗೆ ಮಾತ್ರ ಆಧಾರ್ ನಡೆಯುತ್ತದೆ. ಆದರೂ ಅಜ್ಜ-ಅಜ್ಜಿಯ ವೋಟರ್ ಐಡಿಯನ್ನೂ ಬ್ಯಾಗಿಗೆ ಹಾಕಿ, ಭಾರವೇನೂ ಆಗಲ್ಲ ಅಲ್ವಾ.

ಹೆಚ್ಚು ಜನ ಮರೆಯುವುದು 15ರಿಂದ 18ರ ಮಕ್ಕಳನ್ನು. ಅವರಿಗೆ ಆಧಾರ್ ಸಾಲದು, ವೋಟರ್ ಐಡಿ ಇನ್ನೂ ಬಂದಿರುವುದಿಲ್ಲ. ಶಾಲೆಯ ಪ್ರಿನ್ಸಿಪಾಲರಿಂದ ನಿಗದಿತ ನಮೂನೆಯಲ್ಲಿ ಗುರುತಿನ ಪತ್ರ ಬರೆಸಿಕೊಳ್ಳಬೇಕು. ಬೇಸಿಗೆ ರಜೆಯಲ್ಲಿ ಹೊರಡುವವರು ಶಾಲೆ ಬಾಗಿಲು ಹಾಕುವ ಮೊದಲೇ ಇದನ್ನು ಮುಗಿಸಿ. ನನ್ನನ್ನು ಕೇಳಿದರೆ, ಈ ವಯಸ್ಸಿನವರಿಗೆ ಪಾಸ್‌ಪೋರ್ಟ್ ಮಾಡಿಸುವುದೇ ಒಳ್ಳೆಯದು.

ಆಮೇಲೆ ಹೆಸರು ನೋಡಿ. ನಮ್ಮ ಕಡೆ ಇದೇ ದೊಡ್ಡ ತಲೆನೋವು. ವೋಟರ್ ಐಡಿಯಲ್ಲಿ ಬರೀ "ಲಕ್ಷ್ಮಮ್ಮ", ಆಧಾರಿನಲ್ಲಿ "ಲಕ್ಷ್ಮಮ್ಮ ಎಚ್ ಆರ್", ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರು, ಅಪ್ಪನ ಹೆಸರು ಎಲ್ಲ ಸೇರಿರುತ್ತದೆ. ಯಾವ ಕಾರ್ಡ್ ತೋರಿಸುತ್ತೀರೋ ಅದರಲ್ಲಿರುವ ಹಾಗೆಯೇ ಟಿಕೆಟ್ಟಿನಲ್ಲಿ ಹೆಸರು ಇರಲಿ. ಟ್ರಾವೆಲ್ಸಿನವರಿಗೆ ಫೋನಿನಲ್ಲಿ ಹೆಸರು ಹೇಳಬೇಡಿ, ಕಾರ್ಡಿನ ಫೋಟೊ ಕಳಿಸಿ.

ವೋಟರ್ ಐಡಿಯಲ್ಲೇ ತಪ್ಪಿದ್ದರೆ ಅಥವಾ ಹಳೇ ಕಾರ್ಡ್ ಮಾಸಿ ಮುಖ ಕಾಣದ ಹಾಗಾಗಿದ್ದರೆ ನಮೂನೆ 8 ತುಂಬಿ. ಇನ್ನೂ ಮತದಾರರ ಪಟ್ಟಿಗೇ ಸೇರದವರಿಗೆ ನಮೂನೆ 6. ಎರಡನ್ನೂ ಚುನಾವಣಾ ಆಯೋಗದ ಆ್ಯಪ್‌ನಲ್ಲಿ ತುಂಬಬಹುದು, ಇಲ್ಲವೇ ನಿಮ್ಮ ಬೂತ್‌ನ ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್ಒ) ಕೈಗೆ ಕೊಡಬಹುದು. ಹೊಸ ಕಾರ್ಡ್ ಅಂಚೆಯಲ್ಲಿ ಬರಬೇಕು, ಹಾಗಾಗಿ ಎರಡು ತಿಂಗಳಾದರೂ ಕೈಯಲ್ಲಿಟ್ಟುಕೊಳ್ಳಿ. ಪಾಸ್‌ಪೋರ್ಟ್ ಮಾಡಿಸುವವರು ಬೆಂಗಳೂರಿಗೇ ಬರಬೇಕಿಲ್ಲ, ಹಲವು ಊರುಗಳ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಮಗು 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ್ದರೆ, ಪಾಸ್‌ಪೋರ್ಟಿಗೆ ಹುಟ್ಟಿದ ದಿನದ ಪುರಾವೆಯಾಗಿ ಜನನ ಪ್ರಮಾಣಪತ್ರವನ್ನೇ ಕೊಡಬೇಕು.

ಗೋರಖ್‌ಪುರದವರೆಗೆ ರೈಲಿನಲ್ಲಿ ಹೋಗಿ ಸುನೌಲಿಯಲ್ಲಿ ಗಡಿ ದಾಟುವವರೂ ಇದ್ದಾರೆ. ಅಲ್ಲಿ ಜನ ನಡೆದುಕೊಂಡೇ ಆಚೆ ಹೋಗುತ್ತಾರೆ. ಅದನ್ನು ನೋಡಿ ಸುಮ್ನೆ ಕೈಬೀಸಿಕೊಂಡು ಹೋಗಬೇಡಿ. ಗಡಿ ಕಾಯುವ ಸಶಸ್ತ್ರ ಸೀಮಾ ಬಲದವರು ಕೇಳಿದರೆ ತೋರಿಸಲು ಅದೇ ಕಾರ್ಡ್ ಹತ್ತಿರ ಇರಲಿ. ವಾಪಸ್ ಬರುವಾಗಲೂ ಬೇಕಾಗುತ್ತದೆ.

ಮೂಲ ಕಾರ್ಡನ್ನೇ ಒಯ್ಯಿರಿ, ಮೊಬೈಲಿನ ಫೋಟೊ ನಂಬಿ ಹೊರಡಬೇಡಿ. ಝೆರಾಕ್ಸ್ ಎರಡು ಪ್ರತಿ ಮಾಡಿಸಿ, ಒಂದನ್ನು ಜೊತೆಗಿರುವವರ ಬ್ಯಾಗಿನಲ್ಲಿಡಿ. ಅಕಸ್ಮಾತ್ ಅಲ್ಲಿ ಕಾರ್ಡ್ ಕಳೆದರೆ ಮೊದಲು ಪೊಲೀಸರಿಗೆ ದೂರು ಕೊಡಿ. ಆಮೇಲೆ ಕಾಠ್ಮಂಡುವಿನ ಲೈನ್‌ಚೌರ್‌ನಲ್ಲಿರುವ ಭಾರತದ ರಾಯಭಾರ ಕಚೇರಿಗೆ ಹೋಗಿ. ಊರಿಗೆ ಮರಳಲು ಅಲ್ಲಿ ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಆ ಝೆರಾಕ್ಸ್ ಕೈಯಲ್ಲಿದ್ದರೆ ಅಲ್ಲಿ ಕೆಲಸ ಬೇಗ ಆಗುತ್ತದೆ.

ಅಮ್ಮ ಮರುವರ್ಷ ಹೋಗಿಬಂದರು. ಪಶುಪತಿನಾಥನ ಪೂಜೆ ಮಾಡುವ ಭಟ್ಟರಲ್ಲಿ ನಮ್ಮ ಕರಾವಳಿಯಿಂದ ಹೋದವರಿದ್ದಾರೆ. ಅಷ್ಟು ದೂರದಲ್ಲಿ ಗರ್ಭಗುಡಿಯ ಮುಂದೆ ಕನ್ನಡ ಕೇಳಿದ್ದನ್ನು ಅಮ್ಮ ಇವತ್ತಿಗೂ ಹೇಳುತ್ತಿರುತ್ತಾರೆ.