ಸುಮ್ಮಸುಮ್ಮನೆ ಕೂಗುವ ಕಳ್ಳರ ಅಲಾರಂ: ಕಲಬುರಗಿಯ ಮನೆಗಳಲ್ಲಿ ಎಲ್ಲೆಲ್ಲಿ ನೋಡಬೇಕು

ಅಲಾರಂ ಎರಡು ಸಲ ಸುಳ್ಳು ಕೂಗಿದರೆ ಮೂರನೇ ಸಲ ಓಣಿಯವರು ಕಿಟಕಿ ಕೂಡ ತೆಗೆಯುವುದಿಲ್ಲ. ನಾಲ್ಕನೇ ಸಲಕ್ಕೆ ಮನೆಯವರೇ ಅದನ್ನು ಬಂದ್ ಮಾಡಿ ಮಲಗುತ್ತಾರೆ. ಹಾಗಾಗುವ ಮುಂಚೆ ಕಾರಣ ಹಿಡಿಯಿರಿ. ಸೆನ್ಸಿಟಿವಿಟಿ ಇಳಿಸಿ ಕೈತೊಳೆದುಕೊಂಡರೆ ನಿಜವಾದ ಕಳ್ಳನೂ ಸೆನ್ಸರ್‌ಗೆ ಕಾಣದೆ ಹೋಗಬಹುದು.

ಒಂದು ವಾರ ನೋಟ್‌ಬುಕ್ ಇಡಿ. ಯಾವ ಝೋನ್ (ಒಂದು ಸೆನ್ಸರ್ ಅಥವಾ ಒಂದು ಗುಂಪು ಸೆನ್ಸರ್ ಕಾಯುವ ಭಾಗ), ಎಷ್ಟು ಗಂಟೆಗೆ ಎಂಬುದು ಬಹಳಷ್ಟು ಪ್ಯಾನೆಲ್‌ಗಳ, ಅಂದರೆ ಅಲಾರಂನ ಮುಖ್ಯ ಡಬ್ಬಿಗಳ, ಈವೆಂಟ್ ಲಾಗ್‌ನಲ್ಲಿ (ನಡೆದದ್ದರ ದಾಖಲೆ) ಸಿಗುತ್ತದೆ. ಅದರ ಪಕ್ಕದಲ್ಲಿ ಕರೆಂಟ್ ಹೋಗಿಬಂದಿತ್ತೆ, ಕೂಲರ್ ಓಡುತ್ತಿತ್ತೆ, ಗಾಳಿಮಳೆ ಇತ್ತೆ ಎಂದು ಬರೆಯಿರಿ. ದಿನಾ ಸಂಜೆ ನಾಲ್ಕೈದರ ಹೊತ್ತಿಗೆ ಕೂಗಿದರೆ ಪಡುವಣ ಕಿಟಕಿಯ ಬಿಸಿಲನ್ನು ಮೊದಲು ನೋಡಿ. ಕರೆಂಟ್ ಬಂದ ಕೂಡಲೇ ಆದರೆ ಬ್ಯಾಟರಿ. ಹೊತ್ತುಗೊತ್ತಿಲ್ಲದೆ ಒಂದೇ ಝೋನ್ ಆದರೆ ವೈರಿನ ಜೋಡಣೆ ಅಥವಾ ಹುಳಹುಪ್ಪಟೆ. ಕಾರಣ ಸಿಗುವವರೆಗೆ ಆ ಝೋನ್ ಒಂದನ್ನೇ ಬೈಪಾಸ್ ಮಾಡಿ (ಪ್ಯಾನೆಲ್ ಅದನ್ನು ಲೆಕ್ಕಿಸದಂತೆ ಮಾಡಿ), ಉಳಿದವು ಚಾಲೂ ಇರಲಿ.

ನಮ್ಮ ಕಡೆ ಹೆಚ್ಚು ಕಾಡುವುದು ಪಿಐಆರ್ ಮೋಷನ್ ಸೆನ್ಸರ್ (ಶಾಖದಿಂದ ಓಡಾಟ ಗುರುತಿಸುವುದು), ಅದೂ ಏಪ್ರಿಲ್, ಮೇ ತಿಂಗಳಲ್ಲಿ. ಮೈಶಾಖಕ್ಕೂ ಹಿಂದಿನ ಗೋಡೆಯ ಶಾಖಕ್ಕೂ ಇರುವ ವ್ಯತ್ಯಾಸ ಸರಿದಾಡಿದಾಗ ಅದು ಎಚ್ಚರಗೊಳ್ಳುತ್ತದೆ. ಹೊರಗೆ 42 ಡಿಗ್ರಿ ಸುಡುವಾಗ ಕೋಣೆಯೇ 36ಕ್ಕೆ ಏರಿದರೆ ಆ ವ್ಯತ್ಯಾಸ ಬಹುತೇಕ ಕರಗಿ ಸೆನ್ಸರ್ ಮಂಕಾಗುತ್ತದೆ. ಮಂಕಾಯಿತೆಂದು ಸೆನ್ಸಿಟಿವಿಟಿ ಏರಿಸುತ್ತಾರೆ. ರಾತ್ರಿ ಕೂಲರ್ ಹಾಕಿದಾಗ ತಣ್ಣನೆ ಗಾಳಿ ಬಿಸಿ ಪರದೆಗೆ ಬಡಿದು ಪರದೆ ಅಲ್ಲಾಡುತ್ತದೆ, ಸೈರನ್ ಶುರು. ಸೆನ್ಸರ್ ಅನ್ನು ಕೂಲರ್ ಕಿಟಕಿಗೆ ಎದುರಾಗಿ ಇಡದೆ, ಆ ಕಿಟಕಿ ಇರುವ ಗೋಡೆಯ ಮೂಲೆಯಲ್ಲೇ 2.1ರಿಂದ 2.4 ಮೀಟರ್ ಎತ್ತರದಲ್ಲಿ, ಒಳಬಾಗಿಲ ಕಡೆ ಮುಖ ಮಾಡಿ ಕೂರಿಸಿ. ಗಾಳಿ ನೇರ ಅದರ ಮೈಮೇಲೆ ಬೀಳದಿರಲಿ. ಸೆನ್ಸರ್ ಒಳಗಿನ ಪಲ್ಸ್ ಜಂಪರ್ (ಎಷ್ಟು ಸಲ ಚಲನೆ ಕಂಡರೆ ಕೂಗಬೇಕೆಂದು ಹೇಳುವ ಸಣ್ಣ ಕೊಂಡಿ) 1ರಲ್ಲಿದ್ದರೆ 2ಕ್ಕೆ ಹಾಕಿ. ಹೊಸದು ಕೊಳ್ಳುವುದಾದರೆ ಟೆಂಪರೇಚರ್ ಕಾಂಪೆನ್ಸೇಶನ್ (ಕೋಣೆಯ ಶಾಖಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುವುದು) ಇರುವುದನ್ನೇ ಕೇಳಿ.

ಆಮೇಲೆ ಹಲ್ಲಿ. ದೂರದ ಹಲ್ಲಿಯಿಂದ ತೊಂದರೆ ಕಡಿಮೆ, ಆದರೆ ಲೆನ್ಸ್ ಮೇಲೇ ಹರಿದಾಡಿದರೆ ಸೆನ್ಸರ್‌ಗೆ ಅದು ಮನುಷ್ಯನಷ್ಟೇ ದೊಡ್ಡದು. ಮುಚ್ಚಳ ತೆಗೆದು ನೋಡಿ: ಹಿಂಬದಿಯ ವೈರ್ ತೂತಿನಿಂದ ಇರುವೆ, ಜೇಡ ಒಳಹೊಕ್ಕಿರುತ್ತವೆ, ಬಲೆಯ ಎಳೆ ಕಣ್ಣಿನ ಮುಂದೆಯೇ ತೂಗುತ್ತಿರುತ್ತದೆ. ತೂತಿಗೆ ಸಿಲಿಕೋನ್ ತುಂಬಿ. ಲೆನ್ಸನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿ, ಥಿನ್ನರ್ ಮುಟ್ಟಿಸಬೇಡಿ. ಒಳಗಿನ ಕಣ್ಣಿಗೆ ಬೆರಳು ತಾಗಿಸಬೇಡಿ.

ಬಾಗಿಲ ಮ್ಯಾಗ್ನೆಟ್‌ನದು ಬೇರೆ ಕಥೆ. ಬಾಗಿಲ ಮೇಲೊಂದು ಮ್ಯಾಗ್ನೆಟ್, ಚೌಕಟ್ಟಿನ ಮೇಲೊಂದು ಸ್ವಿಚ್; ಎರಡೂ ದೂರವಾದರೆ ಬಾಗಿಲು ತೆರೆಯಿತೆಂದು ಅಲಾರಂಗೆ ತಿಳಿಯುತ್ತದೆ. ಕಟ್ಟಿಗೆ ಬಾಗಿಲಿಗೆಂದು ಮಾಡಿದ ಸಣ್ಣ ಮ್ಯಾಗ್ನೆಟನ್ನು ಕಬ್ಬಿಣದ ಬಾಗಿಲಿಗೆ ನೇರ ಅಂಟಿಸಿದರೆ ಕಬ್ಬಿಣವೇ ಅದರ ಬಲ ಎಳೆದುಕೊಳ್ಳುತ್ತದೆ. 15 ಮಿಲಿಮೀಟರ್ ದೂರಕ್ಕೆ ಕೆಲಸ ಮಾಡಬೇಕಾದದ್ದು ಅದರ ಅರ್ಧಕ್ಕೂ ಮಾಡದೆ ಹೋಗಬಹುದು. ಎರಡೂ ತುಂಡುಗಳ ಕೆಳಗೆ 6 ಮಿಲಿಮೀಟರ್ ಪ್ಲಾಸ್ಟಿಕ್ ಅಥವಾ ಕಟ್ಟಿಗೆ ಚೂರು ಕೊಟ್ಟು, ನಡುವಿನ ಸಂದು 5 ಮಿಲಿಮೀಟರ್ ಮೀರದಂತೆ ಇಡಿ. ಎರಿ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಯಲ್ಲಿ ಉಬ್ಬುತ್ತದೆ, ಅದರ ಮೇಲಿನ ಚೌಕಟ್ಟೂ ಸ್ವಲ್ಪ ಸರಿಯುತ್ತದೆ. ಆದ್ದರಿಂದ ಮಳೆಗಾಲದ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಈ ಸಂದು ಅಳೆಯಿರಿ. ಬಾಗಿಲು ಹಾಕಿ ಕೈಯಿಂದ ಗಟ್ಟಿಯಾಗಿ ಅಲ್ಲಾಡಿಸಿ, ಝೋನ್ ತೆರೆದಂತೆ ತೋರಿಸಿದರೆ ಕೊಂಡಿ ಸಡಿಲವಿದೆ.

ಕರೆಂಟ್ ಹೋದಾಗ ಪ್ಯಾನೆಲ್ ನಡೆಸುವ 12 ವೋಲ್ಟ್, 7 ಎಎಚ್ ಬ್ಯಾಟರಿಯ ಆಯುಸ್ಸನ್ನು ಸೆಖೆ ತಿನ್ನುತ್ತದೆ. 25 ಡಿಗ್ರಿಗಿಂತ ಪ್ರತಿ 10 ಡಿಗ್ರಿ ಹೆಚ್ಚಿದರೆ ಬಾಳಿಕೆ ಸುಮಾರು ಅರ್ಧವಾಗುತ್ತದೆ. ಪ್ಯಾನೆಲನ್ನು ಪಡುವಣ ಗೋಡೆಗೆ, ತಗಡಿನ ಕೆಳಗೆ ಹಾಕಿದ್ದರೆ ಎರಡು ವರ್ಷಕ್ಕೇ ಸಾಯಬಹುದು. ಕರೆಂಟ್ ಇರುವಾಗ ಬ್ಯಾಟರಿಯ ತುದಿಗಳಲ್ಲಿ ಮಲ್ಟಿಮೀಟರ್ 13.5ರಿಂದ 13.8 ವೋಲ್ಟ್ ತೋರಿಸಬೇಕು. ಪ್ಯಾನೆಲ್‌ನ ಮೇನ್ಸ್ ಬಂದ್ ಮಾಡಿ ಅರ್ಧ ಗಂಟೆ ಬಿಡಿ, 12ಕ್ಕಿಂತ ಕೆಳಗಿಳಿದರೆ ಬದಲಿಸಿ, ಹೊಸದರ ಮೇಲೆ ತಾರೀಖು ಬರೆಯಿರಿ. ಲಾಗ್‌ನಲ್ಲಿ ಯಾವ ಝೋನೂ ಇಲ್ಲದೆ ಸೈರನ್ ಮಾತ್ರ ಕೂಗಿದರೆ ಸೈರನ್ ಡಬ್ಬಿ ತೆಗೆಯಿರಿ. ತನ್ನದೇ ಬ್ಯಾಟರಿ ಇರುವ ಸೈರನ್, ಪ್ಯಾನೆಲ್‌ನಿಂದ ಬರುವ ಸಪ್ಲೈ ಕಡಿದರೆ ತಾನೇ ಕೂಗುತ್ತದೆ.

ವೈರಿಗೆ: ಪ್ಯಾನೆಲ್ ಪೂರ್ತಿ ಬಂದ್ ಮಾಡಿ, ಆ ಝೋನಿನ ಎರಡೂ ವೈರ್ ಬಿಚ್ಚಿ ಓಮ್ ಅಳೆಯಿರಿ. ಬಾಗಿಲು ಮುಚ್ಚಿದ್ದಾಗ ತುದಿಯ ರೆಸಿಸ್ಟರ್‌ನಷ್ಟೇ (ವೈರಿನ ಕೊನೆಗೆ ಹಾಕುವ ಸಣ್ಣ ತಡೆ), ಅಂದರೆ 4.7 ಕಿಲೋಓಮ್ ಹಾಕಿದ್ದರೆ ಅದಕ್ಕೆ ಹತ್ತಿರದ ಅಂಕಿ ಬರಬೇಕು. ವೈರ್ ಅಲ್ಲಾಡಿಸಿದಾಗ ಅಂಕಿ ಕುಣಿದರೆ ಎಲ್ಲೋ ತಿರುವಿ ಟೇಪ್ ಸುತ್ತಿದ ಜೋಡಣೆ ಇದೆ, ಅಥವಾ ಇಲಿ ಕಡಿದಿದೆ. ಬೆಸುಗೆ ಹಾಕಿ, ಪೈಪಿನೊಳಗೆ ಎಳೆಯಿರಿ. ಮನೆಯ ಕರೆಂಟ್ ವೈರಿನಿಂದ 30 ಸೆಂಟಿಮೀಟರ್ ದೂರವಿರಲಿ.

ದುರಸ್ತಿಯಾದ ಮೇಲೆ ಪ್ಯಾನೆಲನ್ನು ವಾಕ್ ಟೆಸ್ಟ್‌ಗೆ (ಸೆನ್ಸರ್ ಓಡಾಟ ಹಿಡಿಯುತ್ತದೆಯೇ ಎಂದು ಪರೀಕ್ಷಿಸುವ ಸ್ಥಿತಿ) ಹಾಕಿ ಪ್ರತಿ ಕೋಣೆಯಲ್ಲಿ ನಡೆದು ನೋಡಿ, ಬೇಸಿಗೆಯಲ್ಲಾದರೆ ಮಧ್ಯಾಹ್ನ ಮೂರಕ್ಕೊಮ್ಮೆ, ರಾತ್ರಿ ಕೂಲರ್ ಓಡುವಾಗೊಮ್ಮೆ. ಅಲ್ಲಿಯವರೆಗೂ ಸೈರನ್ ಕೂಗಿದರೆ ಸುಳ್ಳೇ ಇರಬೇಕೆಂದು ಒಬ್ಬರೇ ಕತ್ತಲಲ್ಲಿ ಒಳಹೋಗಬೇಡಿ. ಬಾಗಿಲು ಮುರಿದಂತೆ ಕಂಡರೆ ಹೊರಗೇ ನಿಂತು 112ಕ್ಕೆ ಫೋನ್ ಮಾಡಿ.