ಬೈಪೋಲಾರ್ ಇದ್ದವರು ಕುಡಿತ ಬಿಡುವಾಗ ಮನೆಯವರು ಗಮನಿಸಬೇಕಾದ್ದು

"ಮೊದಲು ಕುಡಿತ ಬಿಡಲಿ, ಮನಸ್ಸಿನ ಔಷಧ ಆಮೇಲೆ ನೋಡೋಣ" ಎಂದು ಎಷ್ಟೋ ಮನೆಗಳಲ್ಲಿ ಕಾಯುತ್ತಾರೆ. ದಯವಿಟ್ಟು ಕಾಯಬೇಡಿ. ಬೈಪೋಲಾರ್ ಎಂದರೆ ಮನಸ್ಸು ಕೆಲಕಾಲ ಅತಿಯಾಗಿ ಏರುವ, ಕೆಲಕಾಲ ಕುಸಿಯುವ ಕಾಯಿಲೆ. ಆ ಏರಿಕೆಯೇ ಮೇನಿಯಾ. ಮೇನಿಯಾ ಏರಿದಾಗ ಕುಡಿತ ಹೆಚ್ಚುತ್ತದೆ, ಕುಡಿತ ನಿದ್ದೆಗೆಡಿಸುತ್ತದೆ, ನಿದ್ದೆಗೆಟ್ಟರೆ ಮೇನಿಯಾ ಮರಳುತ್ತದೆ. ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಆಗಬೇಕು, ಸಾಧ್ಯವಾದರೆ ಒಬ್ಬರೇ ಮನೋವೈದ್ಯರ ಬಳಿ.

ಹೋಗುವಾಗ ಲೆಕ್ಕ ಬರೆದುಕೊಂಡು ಹೋಗಿ. "ಸ್ವಲ್ಪ ಕುಡೀತಾರೆ" ಅಂದರೆ ವೈದ್ಯರಿಗೆ ಏನೂ ತಿಳಿಯದು. 42.8% ವಿಸ್ಕಿ 30 ಮಿ.ಲೀ.ಗೆ ಸುಮಾರು 10 ಗ್ರಾಂ ಆಲ್ಕೋಹಾಲ್, 180 ಮಿ.ಲೀ.ನ ಒಂದು ಕ್ವಾರ್ಟರ್‌ಗೆ 60 ಗ್ರಾಂ. 8% ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯಲ್ಲೂ 40 ಗ್ರಾಂ ಇರುತ್ತದೆ. ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು ಸಾಕು: ಮಲಗಿದ್ದು, ಎದ್ದದ್ದು, ಎಷ್ಟು ಮಿ.ಲೀ., ಕೊನೆಯ ಗುಟುಕು ಎಷ್ಟು ಗಂಟೆಗೆ, ಮಾತ್ರೆ ತಗೊಂಡರೇ. ಗಾಂಜಾ ಇದ್ದರೆ ಮುಚ್ಚಿಡಬೇಡಿ, ಅದೂ ಮೇನಿಯಾವನ್ನು ಕೆರಳಿಸಬಲ್ಲದು. ಎರಡು ರಾತ್ರಿ ಮೂರ್ನಾಲ್ಕು ಗಂಟೆಯಷ್ಟೇ ಮಲಗಿಯೂ ಸುಸ್ತಿಲ್ಲದೆ ಓಡಾಡುತ್ತಿದ್ದರೆ ಮುಂದಿನ ತಾರೀಖಿನವರೆಗೆ ಇರಬೇಡಿ, ಅವತ್ತೇ ವೈದ್ಯರಿಗೆ ಫೋನ್ ಮಾಡಿ.

ದಿನವೂ ಕುಡಿಯುವವರ ಬಾಟಲಿ ಕಿತ್ತುಕೊಂಡು ಕೋಣೆಯಲ್ಲಿ ಕೂಡಿಹಾಕುವುದು ಅಪಾಯ. ಕೊನೆಯ ಗುಟುಕಾಗಿ ಆರೇಳು ಗಂಟೆಗೆ ನಡುಕ, ಬೆವರು ಶುರುವಾಗುತ್ತವೆ. ಫಿಟ್ಸ್ ಬರುವುದು ಸಾಮಾನ್ಯವಾಗಿ 6ರಿಂದ 48 ಗಂಟೆಯೊಳಗೆ. ಎರಡರಿಂದ ನಾಲ್ಕನೇ ದಿನದಲ್ಲಿ ಹಗಲು ರಾತ್ರಿ ಗೊತ್ತಾಗದೆ, ಗೋಡೆಯ ಮೇಲೆ ಹುಳು ಹರಿದಂತೆ ಕಾಣಬಹುದು. ಇದನ್ನು ಮೇನಿಯಾ ಅಂದುಕೊಂಡು ಮನೆಯಲ್ಲಿರುವ ನಿದ್ದೆಮಾತ್ರೆ ಕೊಟ್ಟು ಸುಮ್ಮನಿರುವವರಿದ್ದಾರೆ. ಇದು ಪ್ರಾಣಕ್ಕೆ ಎರವಾಗುವ ಸ್ಥಿತಿ. ಆಸ್ಪತ್ರೆಯಲ್ಲಿ ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಕೊಟ್ಟು, ನಡುಕ, ಫಿಟ್ಸ್ ತಡೆಯುವ ಲೊರಾಜೆಪಾಮ್‌ನಂಥ ಔಷಧವನ್ನು ದಿನ ದಿನ ಇಳಿಸುತ್ತಾ ಬಿಡಿಸುತ್ತಾರೆ.

ಬೈಪೋಲಾರ್‌ಗೆ ಕೊಡುವ, ಮನಸ್ಸಿನ ಏರಿಳಿತ ತಡೆಯುವ ಮಾತ್ರೆ ಲಿಥಿಯಂ. ಅದನ್ನು ತಗೊಳ್ಳುವವರ ಕೈಯನ್ನು ಹತ್ತಿರದಿಂದ ನೋಡಿ. ಕಾಫಿ ಲೋಟ ಎತ್ತುವಾಗ ಬೆರಳ ತುದಿಯಲ್ಲಿ ಸಣ್ಣಗೆ ಕಾಣುವ ನಡುಕ ಮಾತ್ರೆಯ ಮಾಮೂಲಿ ಅಡ್ಡಪರಿಣಾಮ. ಬೆಳಗ್ಗೆ ಬೆವರು, ಎದೆಬಡಿತದ ಜೊತೆ ಬಂದು, ಒಂದು ಪೆಗ್ ಬಿದ್ದೊಡನೆ ಇಳಿಯುವುದು ಕುಡಿತ ಬಿಟ್ಟದ್ದರ ನಡುಕ. ಮೂರನೆಯದು ಒರಟು: ಕೈಯಿಡೀ ಅದುರುತ್ತದೆ, ನಾಲಿಗೆ ತೊದಲುತ್ತದೆ, ಕಾಲು ತಪ್ಪುತ್ತದೆ, ವಾಂತಿ ಭೇದಿ ಇರುತ್ತದೆ. ನೋಡಿದವರು "ಮತ್ತೆ ಕುಡಿದು ಬಂದಿದ್ದಾನೆ" ಎಂದು ಬೈದು ಮಲಗಿಸುತ್ತಾರೆ. ಅದು ಲಿಥಿಯಂ ವಿಷವಾಗಿರಬಹುದು. ವಾಸನೆ ಬಂದರೂ ಬರದಿದ್ದರೂ ಮುಂದಿನ ಡೋಸ್ ಕೊಡದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ, ಮಾತ್ರೆಯ ಸ್ಟ್ರಿಪ್ ಕೈಯಲ್ಲಿರಲಿ.

ಹೀಗಾಗಲು ಕಾರಣವಿದೆ. ಕುಡಿತ, ವಾಂತಿಯಿಂದ ಮೈಯ ನೀರು, ಉಪ್ಪು ಕಡಿಮೆಯಾದಾಗ ಕಿಡ್ನಿ ಲಿಥಿಯಂ ಅನ್ನು ಹೊರಹಾಕದೆ ಹಿಡಿದಿಡುತ್ತದೆ. ತಲೆನೋವಿಗೆಂದು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಅದನ್ನೇ ಮಾಡುತ್ತವೆ. ರಕ್ತದಲ್ಲಿ ಸಾಮಾನ್ಯವಾಗಿ 0.6ರಿಂದ 1.0 mmol/L ಇರಬೇಕಾದ ಲಿಥಿಯಂ ಮಟ್ಟ 1.5 ದಾಟಿದರೆ ಅಪಾಯ. ಪರೀಕ್ಷೆಗೆ ರಕ್ತ ಕೊಡುವುದು ಕೊನೆಯ ಮಾತ್ರೆಯಾಗಿ 12 ಗಂಟೆಗೆ. ಅದಕ್ಕೂ ಬೇಗ ಕೊಟ್ಟರೆ ಅಂಕಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ.

ಕುಡಿದ ದಿನ ಮಾತ್ರೆ ಬೇಡವೆಂದು ಬಿಡುವ ಅಭ್ಯಾಸ ಬಹಳ ಮನೆಗಳಲ್ಲಿದೆ, ಹೀಗೇ ವಾರಗಟ್ಟಲೆ ಮಾತ್ರೆ ತಪ್ಪುತ್ತದೆ. ಎಲ್ಲ ಮಾತ್ರೆಗೂ ಒಂದೇ ನಿಯಮವಿಲ್ಲ: ಕ್ಲೊನಾಜೆಪಾಮ್‌ನಂಥ ನಿದ್ದೆಯ ಮಾತ್ರೆಯನ್ನು ಮದ್ಯದ ಜೊತೆ ತಗೊಂಡರೆ ಉಸಿರೇ ನಿಧಾನವಾಗಬಹುದು. ಕುಡಿದ ರಾತ್ರಿ ಯಾವುದು ತಗೊಳ್ಳಬೇಕು, ಯಾವುದು ಬಿಡಬೇಕು ಎಂದು ವೈದ್ಯರಿಂದ ಒಂದೊಂದರ ಹೆಸರು ಹಿಡಿದು ಚೀಟಿಯಲ್ಲಿ ಬರೆಸಿಕೊಳ್ಳಿ.

ಸಾರಿನಲ್ಲಿ ಕದ್ದು ಬೆರೆಸುವ "ಕುಡಿತ ಬಿಡಿಸುವ ಪುಡಿ" ಖಂಡಿತ ಬೇಡ. ಅದರಲ್ಲಿ ಡೈಸಲ್ಫಿರಾಮ್ (ಕುಡಿದರೆ ಮೈಗೆ ಆಗದಂತೆ ಮಾಡುವ ಔಷಧ) ಇದ್ದರೆ, ಗೊತ್ತಿಲ್ಲದೆ ಕುಡಿದವರ ಬಿಪಿ ಕುಸಿದು ಜೀವ ಹೋಗಬಹುದು.

ಬೀಡಿ, ಸಿಗರೇಟು ಬಿಡುವುದಾದರೂ ಮೊದಲೇ ಹೇಳಿ. ಹೊಗೆಯಿಂದಾಗಿ ಮೇನಿಯಾಕ್ಕೆ ಕೊಡುವ ಒಲಾಂಜಪಿನ್ ಮಾತ್ರೆ ಮೈಯಲ್ಲಿ ಬೇಗ ಕರಗುತ್ತಿರುತ್ತದೆ. ಹೊಗೆ ನಿಂತ ವಾರದೊಳಗೆ ಅದೇ ಡೋಸ್ ಹೆಚ್ಚಾಗಿ ಮಂಪರು ಹತ್ತಬಹುದು. ಗುಟ್ಕಾ ಬಿಟ್ಟರೆ ಹೀಗಾಗದು, ಏಕೆಂದರೆ ಈ ಕೆಲಸ ಮಾಡುವುದು ಹೊಗೆ, ನಿಕೋಟಿನ್ ಅಲ್ಲ.

ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಅಥವಾ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಮನಸ್ಸು ತಿಳಿಯಾಗಿರುವ ದಿನ ಅವರನ್ನೇ ಕೂರಿಸಿಕೊಂಡು, ಮತ್ತೆ ಏರಿದರೆ ಯಾವ ಆಸ್ಪತ್ರೆ, ಯಾರು ಜೊತೆಗಿರಬೇಕು, ಎಟಿಎಂ ಕಾರ್ಡ್ ಯಾರ ಬಳಿ ಎಂದು ಅವರ ಮಾತಿನಲ್ಲೇ ಬರೆಸಿಡಿ. ಚಿಕಿತ್ಸೆಯ ಬಗ್ಗೆ ಹೀಗೆ ಮುಂಗಡವಾಗಿ ಬರೆದಿಡುವ, ತಮ್ಮ ಪರವಾಗಿ ಒಬ್ಬರನ್ನು ಹೆಸರಿಸುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಅವರಿಗೆ ಕೊಟ್ಟಿದೆ.